ಡಿಕಾಕ್ಷನ್ ‘ಇಳಿಯುತ್ತದೆ’, ಎಸ್ಪ್ರೆಸೊಗೆ ಯಾವ ಕ್ರಿಯಾಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಗೆ ಒಂದು ಸಣ್ಣ ಎಸ್ಪ್ರೆಸೊ ಯಂತ್ರ (ಬಿಸಿನೀರನ್ನು ಒತ್ತಡದಲ್ಲಿ ಹುಡಿಯ ನಡುವೆ ನುಗ್ಗಿಸಿ ಗಟ್ಟಿ ಕಾಫಿ ಮಾಡುವಂಥದ್ದು) ಬಂದಿದೆ. ಬಳಸುವ ಕ್ರಮವನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸು ಎಂದು ಅತ್ತೆ ಹೇಳಿದ್ದಾರೆ. ಬರೆಯುತ್ತಾ ಹೋದಂತೆ ‘ಎಕ್ಸ್‌ಟ್ರಾಕ್ಷನ್’ ಎಂಬಲ್ಲಿ ಕೈ ನಿಂತಿತು. ಹುಡಿಯಲ್ಲಿರುವ ರುಚಿಯನ್ನು ನೀರಿಗೆ ತೆಗೆಯುವ ಕೆಲಸ ಅದು, ಒಳ್ಳೆಯ ಕಾಫಿಯ ಗುಟ್ಟೆಲ್ಲ ಇರುವುದು ಅದರಲ್ಲೇ. ಶಾಲೆಯಲ್ಲಿ ಲೋಹದ ಪಾಠದಲ್ಲಿ ಓದಿದ ‘ಉದ್ಧರಣೆ’ ಅಡುಗೆಮನೆಗೆ ಒಗ್ಗುವುದಿಲ್ಲ. ಮನೆಮಾತಿನಲ್ಲೇ ಪದ ಇದೆ ಅಂತ ನನಗೆ ಅನ್ನಿಸುತ್ತದೆ. ಅದೂ ಒಂದಲ್ಲ, ಎರಡು.

ಮೊದಲನೆಯದು ‘ಇಳಿ’. ಫಿಲ್ಟರಿನ ಮೇಲಿನ ಡಬ್ಬಿಗೆ ಕಾಫಿ ಹುಡಿ ಹಾಕಿ (ಘಟ್ಟದ ಮೇಲಿನವರಿಗೆ ಪುಡಿ, ನಮಗೆ ಹುಡಿ), ತೂತಿನ ಬಿಲ್ಲೆಯಿಂದ ಮೆಲ್ಲಗೆ ಒತ್ತಿ, ಬಿಸಿನೀರು ಎರೆದು ಮುಚ್ಚಿಟ್ಟ ಮೇಲೆ ಎಲ್ಲರೂ ಕೇಳುವುದು ‘ಡಿಕಾಕ್ಷನ್ ಇಳಿಯಿತಾ?’ ಅಂತ. ಕಳ್ಳು ಇಳಿಸುವುದು, ಭಟ್ಟಿ ಇಳಿಸುವುದು ಎಂಬಲ್ಲೂ ಇದೇ ಮಾತು.

ಆದರೆ ನೀರು ಇಳಿದ ಮಾತ್ರಕ್ಕೆ ರುಚಿ ಬಂತು ಎಂದಲ್ಲ. ಅದಕ್ಕೆ ನಾವು ಹೇಳುವುದು ‘ಬಿಡು’. ಚಹಾ ಹುಡಿ ಬಣ್ಣ ಬಿಡುತ್ತದೆ. ಶುಂಠಿ ಖಾರ ಬಿಡುತ್ತದೆ. ಕಾಫಿಯೂ ಹಾಗೆಯೇ: ಮೊದಲು ಹುಳಿ ಬಿಡುತ್ತದೆ, ಆಮೇಲೆ ಸಿಹಿ, ಕೊನೆಗೆ ಕಹಿ ಮತ್ತು ಒಗರು. ಹುರಿದ ಕಾಫಿಯ ತೂಕದಲ್ಲಿ ಸುಮಾರು ಶೇ. 30ರಷ್ಟು ಮಾತ್ರ ನೀರಿನಲ್ಲಿ ಕರಗಬಲ್ಲದು. ಅಷ್ಟನ್ನೂ ಬಿಡಿಸಿದರೆ ಬಾಯಿಗೆ ಇಡಲಾಗುವುದಿಲ್ಲ. ಹುಡಿಯ ಒಟ್ಟು ತೂಕದಲ್ಲಿ ಶೇ. 18ರಿಂದ 22ರಷ್ಟು ಬಿಟ್ಟರೆ ಹದ ಎಂದು ಬಲ್ಲವರ ಲೆಕ್ಕ. ಹಾಗಾಗಿ ‘ಅಂಡರ್ ಎಕ್ಸ್‌ಟ್ರಾಕ್ಟೆಡ್’ ಎಂಬುದಕ್ಕೆ ‘ಕಡಿಮೆ ಬಿಟ್ಟಿದೆ’, ‘ಓವರ್’ ಎಂಬುದಕ್ಕೆ ‘ಜಾಸ್ತಿ ಬಿಟ್ಟಿದೆ’ ಎಂದರೆ ಸಾಕಲ್ವಾ? ಯಂತ್ರದ ಕೆಲಸ ಇಳಿಸುವುದು, ಹುಡಿಯ ಕೆಲಸ ಬಿಡುವುದು.

ಗೋಡೆಗೆ ಬರೆದದ್ದು ಸದ್ಯ ಹೀಗಿದೆ:

‘18 ಗ್ರಾಂ ಹುಡಿ. ಸಮ ಮಾಡಿ ಗಟ್ಟಿಯಾಗಿ ಅದುಮಿ. 25–30 ಸೆಕೆಂಡಿನಲ್ಲಿ 36 ಗ್ರಾಂ ಇಳಿಯಬೇಕು. ಬೇಗ ಇಳಿದು ಹುಳಿಯಾದರೆ ಕಡಿಮೆ ಬಿಟ್ಟಿದೆ, ಹುಡಿ ಇನ್ನೂ ನುಣ್ಣಗಾಗಲಿ. ತಡವಾಗಿ ಇಳಿದು ಕಹಿಯಾದರೆ ಜಾಸ್ತಿ ಬಿಟ್ಟಿದೆ, ತುಸು ತರಿಯಾಗಲಿ.’

ಅತ್ತೆ ಓದಿದರು, ಯಾವ ಪದದ ಅರ್ಥವನ್ನೂ ಕೇಳಲಿಲ್ಲ.

ಇಲ್ಲಿ ಒಬ್ಬ ಸ್ನೇಹಿತರದ್ದು ಬೇರೆ ಮಾತು. ಎಸ್ಪ್ರೆಸೊ ಎಂಬ ಇಟಾಲಿಯನ್ ಪದಕ್ಕೆ ಒತ್ತಿ ಹೊರತೆಗೆದದ್ದು ಎಂಬ ಅರ್ಥ ಇದೆ. ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೇ ಹನಿಯುತ್ತದೆ. ಯಂತ್ರದಲ್ಲಿ ಸುಮಾರು 9 ಬಾರ್, ಅಂದರೆ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಡ. ಹಾಗಿರುವಾಗ ‘ಇಳಿಸು’ ಸಪ್ಪೆಯಾಯಿತು, ‘ಹಿಂಡು’ ಎನ್ನಿ ಎಂದು ಅವರ ವಾದ. ನನಗೆ ಒಪ್ಪಿಗೆಯಿಲ್ಲ. ಹಿಂಡುವುದು ವಸ್ತುವನ್ನು, ಒದ್ದೆ ಬಟ್ಟೆಯನ್ನೋ ನಿಂಬೆಯನ್ನೋ. ಇಲ್ಲಿ ಹುಡಿಯನ್ನು ಯಾರೂ ಹಿಂಡುವುದಿಲ್ಲ, ಅದರ ನಡುವೆ ನೀರನ್ನು ನುಗ್ಗಿಸುತ್ತಾರೆ. ಆದರೆ ಕಾಯಿಹಾಲಿನ ಲೆಕ್ಕ ಒಂದು ಕಡೆ ಉಪಯೋಗಕ್ಕೆ ಬರುತ್ತದೆ. ಮೊದಲು ಬರುವುದು ದಪ್ಪ ಹಾಲು, ಆಮೇಲಿನದು ನೀರು ಹಾಲು. ಅದೇ ಹುಡಿಯಿಂದ ಕಡಿಮೆ ಇಳಿಸಿ ನಿಲ್ಲಿಸಿದ ರಿಸ್ಟ್ರೆಟೊವನ್ನು ಹೀಗೆ ವಿವರಿಸಿದರೆ ನಮ್ಮ ಊರಿನವರಿಗೆ ತಟ್ಟನೆ ತಿಳಿಯುತ್ತದೆ.

ಹುಡಿ ಸಮವಾಗಿ ಕೂರದಿದ್ದರೆ ನೀರು ಒಂದೇ ಕಡೆ ದಾರಿ ಮಾಡಿಕೊಂಡು ಓಡುತ್ತದೆ. ಆ ದಾರಿಯಲ್ಲಿ ಕಹಿ ಬರುವಷ್ಟು ಬಿಡುತ್ತದೆ, ಉಳಿದ ಕಡೆ ಹುಳಿಯಲ್ಲೇ ನಿಲ್ಲುತ್ತದೆ. ಇದಕ್ಕೆ ‘ಕಣಿ ಬೀಳುವುದು’ ಎಂದು ಬರೆದೆ. ಅಡಿಕೆ ತೋಟದಲ್ಲಿ ನೀರು ಹರಿಯುವ ಕಣಿ ಗೊತ್ತಿರುವವರಿಗೆ ಮತ್ತೇನೂ ಹೇಳಬೇಕಾಗಿಲ್ಲ. ತೋಟವಿಲ್ಲದ ಕಡೆಯವರಿಗೆ ಇದು ಹಿಡಿಸುತ್ತದೋ ಇಲ್ಲವೋ, ತಿಳಿಸಿ.

ಮೇಲೆ ನಿಲ್ಲುವ ಕೆಂಗಂದು ಪದರ ‘ಕ್ರೇಮಾ’. ಹುರಿದ ಬೀಜದಲ್ಲಿ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡು ಒತ್ತಡದಲ್ಲಿ ನೀರಿನೊಂದಿಗೆ ಬೆರೆತು, ಬಟ್ಟಲಿಗೆ ಬಿದ್ದಾಗ ಗುಳ್ಳೆಯಾಗಿ ಹೊರಬರುವುದರಿಂದ ಅದು ಹುಟ್ಟುತ್ತದೆ. ಪದಕ್ಕೆ ಪದ ಇಟ್ಟರೆ ‘ಕೆನೆ’. ಆದರೆ ಕಾಫಿಯ ಮೇಲೆ ಕೆನೆ ಎಂದರೆ ನಮ್ಮಲ್ಲಿ ಚಮಚದಿಂದ ತೆಗೆದು ಬದಿಗಿಡುವ ವಸ್ತು. ‘ನೊರೆ’ ಎಂದರೆ ಹಾಲಿನದ್ದೋ ಎತ್ತಿ ಹೊಯ್ದದ್ದೋ ಎಂಬ ಗೊಂದಲ. ಕೆನ್ನೀರು ಇದ್ದ ಹಾಗೆ ‘ಕೆನ್ನೊರೆ’ ಎನ್ನಬಹುದೇ? ನನಗಂತೂ ಬಹಳ ಇಷ್ಟವಾಗಿದೆ.

ಇನ್ನು ತೊಡಕಿನ ಮಾತು. ಗಡಿಯ ಈ ಮೂಲೆಯಲ್ಲಿ ಪುಸ್ತಕದ ಕೆಲವು ಪದಗಳು ಬೇರೆಯೇ ದಾರಿ ಹಿಡಿದಿವೆ. ಡಿಕಾಕ್ಷನ್ನಿಗೆ ‘ಕಷಾಯ’ ಎನ್ನುವ ಹಾಗಿಲ್ಲ, ಕಷಾಯ ಎಂದರೆ ಕೊತ್ತಂಬರಿ ಜೀರಿಗೆಯದ್ದು. ಅಡಿಯಲ್ಲಿ ಉಳಿದದ್ದಕ್ಕೆ ‘ಗಸಿ’ ಎನ್ನಲಾಗದು, ಗಸಿ ನಮಗೆ ಊಟದ ಪದಾರ್ಥ, ಕಡಲೆ ಗಸಿ ಇದ್ದ ಹಾಗೆ. ಮೈಸೂರು ಕಡೆಯ ‘ಕಾಫಿ ಚರಟ’ ಚೆನ್ನಾಗಿದೆ. ಆದರೆ ಮಲಯಾಳದ ‘ಚಿರಟ್ಟ’ ಕಿವಿಯಲ್ಲಿ ಇರುವವರಿಗೆ ತೆಂಗಿನ ಗೆರಟೆ ನೆನಪಾಗುತ್ತದೆ. ನಮ್ಮ ಮನೆಯಲ್ಲಿ ಸುಮ್ನೆ ‘ಇಳಿಸಿದ ಹುಡಿ’ ಅನ್ನುತ್ತೇವೆ.

‘ಎಸ್ಪ್ರೆಸೊ’ ಎಂಬುದೇ ಇಲ್ಲಿ ಎರಡು ಅರ್ಥದಲ್ಲಿದೆ. ಮದುವೆ ಮನೆಯಲ್ಲಿ ಆ ಹೆಸರಿನಿಂದ ಸಿಗುವುದು ಹಬೆ ಹಾಯಿಸಿ ನೊರೆ ಎಬ್ಬಿಸಿದ ಹಾಲಿನ ಕಾಫಿ, ಮೇಲೆ ಒಂದು ಚಿಟಿಕೆ ಚಾಕೊಲೇಟ್ ಹುಡಿ. ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಜನ ಪ್ರೀತಿಯಿಂದ ಬಳಸುವ ಅರ್ಥ ಅದು. ಗೋಡೆಯ ಮೇಲೆ ಮಾತ್ರ ‘ಹಾಲಿಲ್ಲದ ಎಸ್ಪ್ರೆಸೊ’ ಎಂದು ಬಿಡಿಸಿ ಬರೆದೆ.

ಈಗ ನಿಮ್ಮನ್ನು ಕೇಳಬೇಕಾದದ್ದು. ಹೊಸೂರು, ತಾಳವಾಡಿ ಕಡೆಯವರೇ, ತಮಿಳಿನ ನಡುವೆ ಇರುವ ನಿಮ್ಮ ಮನೆಗಳಲ್ಲೂ ಡಿಕಾಕ್ಷನ್ ‘ಇಳಿಯುತ್ತದೆಯೇ’, ಅಥವಾ ಬೇರೆ ಮಾತಿದೆಯೇ? ಆಂಧ್ರದ ಮಡಕಶಿರಾ, ರಾಯದುರ್ಗದವರು ಉಳಿದ ಹುಡಿಗೆ ಏನನ್ನುತ್ತೀರಿ? ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ಕಡೆ ಚಹಾದ ಬಳಕೆಯೇ ಜಾಸ್ತಿ. ಅಲ್ಲಿ ಚಹಾ ಹದಕ್ಕಿಂತ ಹೆಚ್ಚು ಕುದ್ದು ಒಗರಾದಾಗ ಹಿರಿಯರು ಯಾವ ಮಾತು ಆಡುತ್ತಾರೆ? ಮನೆಯಲ್ಲಿ ಕೇಳಿದ್ದನ್ನು ಕೇಳಿದ ಹಾಗೆಯೇ ಬರೆಯಿರಿ.