ಸಹಾಯ ಬೇಕು: ಯುಸಿ ಅರ್ಜಿಯಲ್ಲಿ ಪರ್ಯಾಯ ಮೇಜರ್ (ಪದವಿಯ ಮುಖ್ಯ ವಿಷಯ) ಯಾವುದು?

ಎರಡನೇ ಪಿಯುಸಿ ಹುಡುಗಿಗಾಗಿ ಕೇಳ್ತಿದ್ದೀನಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿ) 9 ಕ್ಯಾಂಪಸ್‌ಗಳಿಗೂ ಒಂದೇ ಅರ್ಜಿ, ಶುಲ್ಕ ಮಾತ್ರ ಕ್ಯಾಂಪಸ್ ಲೆಕ್ಕದಲ್ಲಿ. ಅರ್ಜಿಯಲ್ಲಿ ತನ್ನ ಬಗ್ಗೆ ಬರೆಯೋ 8 ಪ್ರಶ್ನೆಗಳಲ್ಲಿ 4ಕ್ಕೆ ತಲಾ 350 ಪದದೊಳಗೆ ಉತ್ತರ ಸಿದ್ಧ. ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಅಂಕ ಪ್ರವೇಶಕ್ಕೆ ಅವರು ನೋಡೋದೇ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕಗಳನ್ನು ಜಿಪಿಎಗೆ (ಅಮೆರಿಕದ ಗ್ರೇಡ್ ಸರಾಸರಿಗೆ) ಬದಲಿಸದೆ ಇದ್ದ ಹಾಗೇ ತುಂಬಿದೆ, ಬದಲಿಸೋದು ತಪ್ಪು.

ತಲೆನೋವು ಮೇಜರ್‌ದು. ಬರ್ಕ್ಲಿ ಕ್ಯಾಂಪಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಬೇಕಾದರೆ ಅರ್ಜಿಯಲ್ಲೇ ಆರಿಸಬೇಕು. "ಮೊದಲು ಒಳಗೆ ಹೋಗೋಣ, ಆಮೇಲೆ ಬದಲಿಸೋಣ" ಅನ್ನೋದು ಅಲ್ಲಿ ಬಹುಪಾಲು ಹುಸಿ ಭರವಸೆ. ಸ್ಯಾನ್ ಡಿಯೇಗೊ ಕ್ಯಾಂಪಸ್‌ಗೆ, ಮೊದಲ ಆಯ್ಕೆ ಸಿಗದಿದ್ದರೆ ಅಂತ, ಅರ್ಜಿಯಲ್ಲಿ ಪರ್ಯಾಯ ಮೇಜರ್ ಕೊಡಬಹುದು, ಆದರೆ ಅದೂ ಭಾರೀ ಬೇಡಿಕೆಯದ್ದಾದರೆ ಉಪಯೋಗವಿಲ್ಲ. ಹಾಗಾಗಿ ಕಾಗ್ನಿಟಿವ್ ಸೈನ್ಸ್ (ಮನಸ್ಸು, ಮೆದುಳು ಹೇಗೆ ಕೆಲಸ ಮಾಡುತ್ತೆ ಅನ್ನೋ ಅಧ್ಯಯನ) ಹಾಕೋದಾ ಅಂತ ಯೋಚನೆ; ಅಲ್ಲಿ ಅದನ್ನು ಓದುತ್ತಿರುವವರು ಇದ್ದೀರಾ? ಪ್ರೋಗ್ರಾಮಿಂಗ್ ಕೋರ್ಸ್‌ಗಳಲ್ಲಿ ಸೀಟು ಸಿಗುತ್ತಾ, ಇಲ್ಲ ವೇಯ್ಟ್‌ಲಿಸ್ಟಾ? ಗಡುವು ನವೆಂಬರ್ ಕೊನೆಗೆ, ಅದಕ್ಕೆ ಮುಂಚೆ ತಿಳಿಸಿ.