ಸಹಾಯ ಬೇಕು: ಹಿತಕಿದ ಬೇಳೆ ಎತ್ತಿಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅವರೆಕಾಯಿ ಕಾಲ ಬಂತು, ಅದಕ್ಕೇ ಕೇಳುತ್ತಿದ್ದೇನೆ.

ಈ ವರ್ಷ ಮನೆಯಲ್ಲಿ ಸ್ವಲ್ಪ ಗಲಿಬಿಲಿ. ನನ್ನ ಕೆಲಸ, ಮಗಳ ಹತ್ತನೇ ಕ್ಲಾಸು, ಅತ್ತೆಯ ಮಂಡಿನೋವು. ಒಬ್ಬರ ಜೊತೆ ಒಬ್ಬರು ಸರಿಯಾಗಿ ಮಾತಾಡುವುದೇ ಕಮ್ಮಿ ಆಗಿತ್ತು. ಹೋದ ಭಾನುವಾರ ಸುಮ್ನೆ ಎರಡು ಕೆಜಿ ಕಾಯಿ ತಂದೆ. ಅತ್ತೆ ಮೊರ ಹಿಡಿದು ಕೂತರು. ಮಗಳೂ ಬಂದು ಕೂತಳು, ಫೋನು ಒಳಗೇ ಬಿಟ್ಟು! ಸಿಪ್ಪೆಯ ಅಂಟು ಬೆರಳಿಗೆ ಹತ್ತಿ, ರಾತ್ರಿ ಮಲಗುವಾಗಲೂ ಕೈಯಲ್ಲಿ ಅದೇ ಸೊಗಡು. ಮಾರನೇ ದಿನ ನೆನೆದ ಕಾಳು ಹಿತಕುವಾಗ ಒಂದು ಬೇಳೆ ಚಿಮ್ಮಿ ಅತ್ತೆಯ ಕನ್ನಡಕಕ್ಕೆ ಬಿತ್ತು. ಎಷ್ಟೋ ದಿನದ ಮೇಲೆ ಮೂರೂ ಜನ ಒಟ್ಟಿಗೆ ನಕ್ಕೆವು.

ಈಗ ವಿಷಯಕ್ಕೆ ಬರುತ್ತೇನೆ. ಉಳಿದ ಬೇಳೆಯನ್ನು ಫ್ರೀಜರ್‌ನಲ್ಲಿ ಇಟ್ಟಿದ್ದೆ. ಸಾರು ಮಾಡಿದರೆ ಸೊಗಡೇ ಇಲ್ಲ, ಬೇಳೆ ಬೇರೆ ಕರಗಿ ಹೋಯಿತು. ಹಿತಕಿ ಇಡಬೇಕಾ, ಕಾಳನ್ನೇ ಇಡಬೇಕಾ? ಒಂದು ಕುದಿ ಬರಿಸಿ ಇಡುವವರು ಇದ್ದೀರಾ?

ಇನ್ನೊಂದು, ಬೆಂಗಳೂರಲ್ಲಿ ಮಾಗಡಿ ಕಡೆಯ ಕಾಯಿ ನಂಬಿಕೆಯಿಂದ ಎಲ್ಲಿ ಸಿಗುತ್ತದೆ? ಗಾಡಿಯವರೆಲ್ಲ ಮಾಗಡಿದೇ ಅಂತಾರೆ, ಮೂಸಿದರೆ ಹುಲ್ಲಿನ ವಾಸನೆ.

ಸಂಕ್ರಾಂತಿಗೆ ಬೇಯಿಸುವುದಕ್ಕೆ ಗೆಣಸು, ಕಡಲೆಕಾಯಿ ಆಗಲೇ ತಂದಾಯಿತು. ಅವರೆಕಾಯಿ ಒಂದೇ ಬಾಕಿ, ಬೇಗ ಹೇಳಿ.