ಫುಲ್ ಆರ್ಚ್ (ಇಡೀ ದವಡೆಯ) ಇಂಪ್ಲಾಂಟ್‌ಗೆ ಸ್ಕ್ಯಾನ್ ಸಾಕಾ? ಬಳಸಿದವರು ಅನುಭವ ಹೇಳಿ

ಹಾಸನದ ಡೆಂಟಿಸ್ಟ್: ಇಂಟ್ರಾಓರಲ್ ಸ್ಕ್ಯಾನರ್ (ಬಾಯೊಳಗೆ ಕ್ಯಾಮೆರಾ ಓಡಿಸಿ ಅಳತೆ ತೆಗೆಯೋದು) ತಗೊಳ್ಳೋ ಯೋಚನೆಯಲ್ಲಿದ್ದೀನಿ. ನನ್ನಲ್ಲಿ ಸಿಂಗಲ್ ಇಂಪ್ಲಾಂಟೇ (ಒಂದು ಹಲ್ಲಿಗಾಗಿ ದವಡೆ ಮೂಳೆಗೆ ಕೂರಿಸೋ ಸ್ಕ್ರೂ) ಜಾಸ್ತಿ. ಈಗ ಹಲ್ಲೇ ಇಲ್ಲದ ಕೆಳದವಡೆಗೆ 4 ಇಂಪ್ಲಾಂಟ್ ಹಾಕಿರೋ ಕೇಸ್ ಇದೆ. ಸ್ಕ್ಯಾನ್ ನಂಬಬಹುದಾ, ಟ್ರೇ ಇಂಪ್ರೆಶನ್ನೇ (ಟ್ರೇಯಲ್ಲಿ ಮೆತ್ತನೆ ಮೆಟೀರಿಯಲ್ ತುಂಬಿ ತೆಗೆಯೋ ಅಚ್ಚು) ವಾಸಿನಾ?

ದಾವಣಗೆರೆ ಪ್ರಾಸ್ಥೋ (ಹಲ್ಲು ಕಟ್ಟೋ ಸ್ಪೆಷಲಿಸ್ಟ್): ಡೆಮೋ ಕೊಡೋರು ಹಲ್ಲಿರೋ ಬಾಯಲ್ಲೇ ಕೊಡ್ತಾರೆ, ಅದನ್ನ ನೆನಪಿಟ್ಕೊಳ್ಳಿ. ನಾನು ಸ್ಕ್ಯಾನರ್‌ಗೆ 14 ಲಕ್ಷ ಕೊಟ್ಟೆ, ಅದಕ್ಕೆ ತಕ್ಕ ಲ್ಯಾಪ್‌ಟಾಪ್‌ಗೆ 1.8 ಲಕ್ಷ. ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿಶುದ್ಧಿ) ಮಾಡಿ ಮಾಡಿ ಬಾಯೊಳಗೆ ಹೋಗೋ ಟಿಪ್‌ನ ಕನ್ನಡಿ ಮಸುಕಾಗುತ್ತೆ, ಹೊಸ ಟಿಪ್ ಖರ್ಚು ಬೇರೆ. ಕೆಳದವಡೆ ಫುಲ್ ಆರ್ಚ್ ಮಾಡಿದೆ, ಪರದೆ ಮೇಲೆ ಸ್ಕ್ಯಾನ್ ನೋಡೋಕೆ ಒಂದು ತೂತಿಲ್ಲ. ಲ್ಯಾಬ್‌ನಿಂದ ಫ್ರೇಮ್ (ಹಲ್ಲುಗಳನ್ನ ಹೊರೋ ಪಟ್ಟಿ) ಬಂದ ಮೇಲೆ ಒಂದು ತುದಿಯ ಸ್ಕ್ರೂ ಬಿಗಿದರೆ ಇನ್ನೊಂದು ತುದಿ ಎದ್ದು ನಿಲ್ತು, ಎಕ್ಸ್‌ರೇಯಲ್ಲಿ ಸಂದಿಯ ಕಪ್ಪು ಗೆರೆ ಸ್ಪಷ್ಟವಾಗಿ ಕಾಣ್ತಿತ್ತು. ಮತ್ತೆ ಮಿಲ್ಲಿಂಗ್‌ಗೆ (ಮಷಿನ್‌ನಲ್ಲಿ ಫ್ರೇಮ್ ಕೊರೆಸೋಕೆ) 38 ಸಾವಿರ ನನ್ನ ಕೈಯಿಂದಲೇ ಹೋಯ್ತು. ಕ್ಯಾಮೆರಾ ಒಂದೊಂದು ಚಿತ್ರಾನೂ ಪಕ್ಕದ್ದಕ್ಕೆ ಹೊಲ್ಕೊಂಡು ಹೋಗುತ್ತೆ. ಪ್ರತಿ ಹೊಲಿಗೆಯ ಚೂರು ತಪ್ಪು ಆರ್ಚ್ ಉದ್ದಕ್ಕೂ ಕೂಡ್ತಾ ಬರುತ್ತೆ. ಎರಡು ಸ್ಕ್ಯಾನ್ ಬಾಡಿ (ಇಂಪ್ಲಾಂಟ್ ಜಾಗ ತೋರಿಸೋಕೆ ಅದರ ಮೇಲೆ ಬಿಗಿಯೋ ಗೂಟ) ನಡುವೆ ಬರೀ ನುಣ್ಣನೆ ಒದ್ದೆ ವಸಡು, ಹಿಡ್ಕೊಳ್ಳೋಕೆ ಗುರುತೇ ಇಲ್ಲ. ಹಲ್ಲಾದರೆ ಲಿಗಮೆಂಟ್ ಇರುತ್ತೆ, ಸ್ವಲ್ಪ ಸರಿದು ಹೊಂದ್ಕೊಳ್ಳುತ್ತೆ. ಇಂಪ್ಲಾಂಟ್ ಸರಿಯಲ್ಲ.

ಹುಬ್ಬಳ್ಳಿ ಕ್ಲಿನಿಕ್: ಒಂದು ಕೇಸ್ ಕೆಟ್ಟಿದ್ದಕ್ಕ ಮಷಿನ್ನಿಗೇ ಬೈಬ್ಯಾಡ್ರಿ. ನನ್ನ ಸಿಂಗಲ್, 3 ಯೂನಿಟ್ ಬ್ರಿಡ್ಜ್ ಎಲ್ಲಾ ಸ್ಕ್ಯಾನ್‌ದಾಗ ಆಗ್ತಾವ, ಪಕ್ಕದ ಹಲ್ಲಿಗೆ ತಾಗೋ ಕಾಂಟ್ಯಾಕ್ಟ್ ತಿಕ್ಕೋ ಕೆಲಸಾನೂ ಇಲ್ಲ. ವಾಂತಿ ಬರೋ ಪೇಷೆಂಟ್‌ಗೆ ಟ್ರೇ ಇಟ್ಟು ನೋಡ್ರಿ, ಆಗ ಗೊತ್ತಾಗ್ತದ. ಫುಲ್ ಆರ್ಚ್‌ಗೆ ನಾನು ವಸಡಿನ ಮ್ಯಾಲೆ ಗುರುತು ಅಂಟಿಸ್ತೀನಿ, ಸ್ಕ್ಯಾನ್ ದಾರಿ ನಡುವ ಬದಲಿಸೂದಿಲ್ಲ. ನಿಮ್ಮ ಸ್ಕ್ಯಾನ್ ಬಾಡಿ ಪೀಕ್ (ಒಂದು ಥರದ ಪ್ಲಾಸ್ಟಿಕ್) ಇತ್ತೇನು? ಹಳೇದು ಬಳಸಿ ರ‍್ಯಾಚೆಟ್‌ನಿಂದ ಬಿಗಿದ್ರ ಅದೇ ಸರಿ ಕೂಡೂದಿಲ್ಲ.

ದಾವಣಗೆರೆ ಪ್ರಾಸ್ಥೋ: ಹೊಸದು ಸ್ವಾಮಿ. ಕೈಯಲ್ಲೇ ಬಿಗಿದು, ಎಕ್ಸ್‌ರೇ ತೆಗೆದು, ಕೂತಿದೆ ಅಂತ ನೋಡ್ಕೊಂಡೇ ಸ್ಕ್ಯಾನ್ ಮಾಡಿದ್ದು. ಕೇಳದೇ ಪಾಠ ಹೇಳಬೇಡಿ.

ಮೈಸೂರಿನ ಹಿರಿಯ: ನಾನು ಇವತ್ತಿಗೂ ಓಪನ್ ಟ್ರೇ (ಸ್ಕ್ರೂ ಬಿಚ್ಚೋಕೆ ತೂತಿರೋದು), ಪಾಲಿಈಥರ್ (ಅಚ್ಚಿನ ಮೆಟೀರಿಯಲ್). ಕೋಪಿಂಗ್‌ಗಳನ್ನ (ಅಚ್ಚಿಗಾಗಿ ಇಂಪ್ಲಾಂಟ್ ಮೇಲೆ ಬಿಗಿಯೋ ತುಂಡು) ಪ್ಯಾಟರ್ನ್ ರೆಸಿನ್‌ನಿಂದ (ಗಟ್ಟಿಯಾಗೋ ಪ್ಲಾಸ್ಟಿಕ್) ಕೂಡಿಸಿ, ಆರಿದ ಮೇಲೆ ನಡುವೆ ಕತ್ತರಿಸಿ, ಆ ಸಣ್ಣ ಸಂದಿಯನ್ನಷ್ಟೇ ಮತ್ತೆ ತುಂಬ್ತೀನಿ. ರೆಸಿನ್ ಕುಗ್ಗೋದು ಹಾಗೆ ಕಮ್ಮಿಯಾಗುತ್ತೆ. ಕುರ್ಚಿಯಲ್ಲಿ ಹೊತ್ತು ಹಿಡಿಯುತ್ತೆ, ಹಿಡೀಲಿ. ಫ್ರೇಮ್ ಕೂರೋವಾಗ ಪೇಷೆಂಟ್‌ಗೆ ಎಳೆತ ಗೊತ್ತಾಗಬಾರದು, ನನಗೆ ಬೇಕಾದ್ದು ಅಷ್ಟೇ. ಸ್ಕ್ಯಾನೇ ಮಾಡ್ತೀರಾದ್ರೂ ಮಿಲ್ಲಿಂಗ್‌ಗೆ ಮೊದಲು ವೆರಿಫಿಕೇಶನ್ ಜಿಗ್ (ಅಳತೆ ಸರಿಯಿದೆಯಾ ಅಂತ ನೋಡೋ ಪಟ್ಟಿ) ಬಾಯಲ್ಲಿ ಕೂರಿಸಿ ನೋಡಿ.

ಬೆಂಗಳೂರು ಲ್ಯಾಬ್: ಸರ್, ಜಿಗ್ ಮಾಡಿಕೊಡ್ತೀವಿ ಅಂದ್ರೆ ಅದಕ್ಕೆ ಯಾಕೆ ದುಡ್ಡು ಅಂತಾರೆ. ಫೈಲ್ ಕಳಿಸ್ತಾರೆ, ಸ್ಕ್ಯಾನ್ ಬಾಡಿ ಯಾವ ಕಂಪನಿದು ಅಂತ ಬರೆಯಲ್ಲ. ನಾವು ಬೇರೆ ಕಂಪನಿಯ ಲೈಬ್ರರಿ (ಸಾಫ್ಟ್‌ವೇರ್‌ನಲ್ಲಿರೋ ಸ್ಕ್ಯಾನ್ ಬಾಡಿ ಮಾದರಿ) ಹಾಕಿದ್ರೆ ಇಂಪ್ಲಾಂಟ್ ಜಾಗಾನೇ ಸರಿದುಹೋಗುತ್ತೆ. ಆಮೇಲೆ ರಾತ್ರಿ ಫೋನ್ ಮಾಡಿ ಬೈಗುಳ. ಟ್ರೇ ಕಳಿಸೋರೂ ಕಮ್ಮಿಯಿಲ್ಲ, ಅನಲಾಗ್ (ಇಂಪ್ಲಾಂಟ್‌ನ ನಕಲು) ಹಾಕೋವಾಗ ನೋಡಿದ್ರೆ ಕೋಪಿಂಗ್ ಅಚ್ಚಿನೊಳಗೇ ತಿರುಗ್ತಿರುತ್ತೆ.

ಹುಬ್ಬಳ್ಳಿ ಕ್ಲಿನಿಕ್: ಲ್ಯಾಬ್‌ನವರು ಶುರು ಮಾಡಿದ್ರು. ನನ್ನ ಝಿರ್ಕೋನಿಯಾ ಕ್ರೌನ್ ಶೇಡ್ ತಪ್ಪಿಸಿ ಕಳಿಸಿದವರೂ ಬೆಂಗಳೂರಿನವರೇ. ರೀಮೇಕ್‌ಗೂ ಕೊರಿಯರ್ ದುಡ್ಡು ಕೇಳಿದ್ರು!

ಬೆಂಗಳೂರು ಲ್ಯಾಬ್: ಆ ಲ್ಯಾಬ್ ನಮ್ಮದಲ್ಲ. ಶೇಡ್ ಫೋಟೋ ಟ್ಯೂಬ್‌ಲೈಟ್ ಕೆಳಗೆ ತೆಗೆದು ಕಳಿಸಿದ್ರೆ ಯಾವ ಲ್ಯಾಬ್‌ನವರು ಏನು ಮಾಡ್ತಾರೆ?

ದಾವಣಗೆರೆ ಪ್ರಾಸ್ಥೋ: ಹಾಸನದವರೇ, ಸಿಂಗಲ್‌ಗೆ ಧಾರಾಳವಾಗಿ ತಗೊಳ್ಳಿ. ಆ 4 ಇಂಪ್ಲಾಂಟ್ ಕೇಸ್‌ಗೆ ಮಾತ್ರ ಮೈಸೂರು ಸರ್ ಹೇಳಿದ ದಾರಿ. ನನ್ನ 38 ಸಾವಿರದ ಬಿಲ್ ಬೇಕಾದ್ರೆ ಫೋಟೋ ಹಾಕ್ತೀನಿ.